ದೊಡ್ಡಪ್ಪನ ಒರೆಗಲ್ಲು, ನನ್ನ ಕಿಲೋನೋವಾ

ಮಂಗಳೂರಿನ ರಥಬೀದಿಯಿಂದ ಒಳಗೆ ತಿರುಗುವ ಒಂದು ಓಣಿಯಲ್ಲಿ ನಮ್ಮ ದೊಡ್ಡಪ್ಪನ ಅಂಗಡಿ ಇದೆ. ಅಂಗಡಿ ಅಂದರೆ ಗಾಜಿನ ಶೋಕೇಸು, ಏಸಿ ಇರುವಂಥದ್ದಲ್ಲ. ಚಿನ್ನದ ಕೆಲಸ ಮಾಡುವ ಒಂದು ಸಣ್ಣ ಕೋಣೆ. ಗಿಡ್ಡ ಮೇಜು, ಊದುಕೊಳವೆ, ಚಿಮಟ, ಗಾಜಿನ ಪೆಟ್ಟಿಗೆಯೊಳಗೆ ತಕ್ಕಡಿ. ಮೇಜಿನ ಖಾನೆಯಲ್ಲಿ ಅಂಗೈಯಗಲದ ಒಂದು ಕಪ್ಪು ಕಲ್ಲು. ಶಾಲೆ ಬಿಟ್ಟ ಮೇಲೆ ಅಮ್ಮ ಬರುವವರೆಗೆ ನಾನು ಅಲ್ಲೇ ಮೂಲೆಯಲ್ಲಿ ಕೂತಿರುತ್ತಿದ್ದೆ. ಹೋಂವರ್ಕ್ ಮಾಡು ಎನ್ನುತ್ತಿದ್ದರು. ನಾನು ಕಲ್ಲು ನೋಡುತ್ತಿದ್ದೆ.

ಯಾರಾದರೂ ಹಳೆ ಬಳೆ ತಂದರೆ ದೊಡ್ಡಪ್ಪ ಅದರ ಅಂಚನ್ನು ಕಲ್ಲಿಗೆ ಉಜ್ಜುತ್ತಿದ್ದರು. ಹಳದಿ ಗೆರೆ ಬೀಳುತ್ತಿತ್ತು. ಅದರ ಪಕ್ಕದಲ್ಲೇ, ಎಷ್ಟು ಶುದ್ಧ ಎಂದು ಮೊದಲೇ ಗೊತ್ತಿರುವ ಕಡ್ಡಿಗಳ ಗೆರೆ ಎಳೆಯುತ್ತಿದ್ದರು. 22 ಕ್ಯಾರೆಟ್ಟಿನದ್ದೊಂದು, 20ರದ್ದೊಂದು, 18ರದ್ದೊಂದು. ಮೇಲಿಂದ ಒಂದು ಹನಿ ಆಸಿಡ್. ಕಲ್ಲನ್ನು ಬಾಗಿಲಿನ ಬೆಳಕಿಗೆ ಓರೆ ಹಿಡಿದು, ಕಣ್ಣು ಕಿರಿದು ಮಾಡಿ, "20ಕ್ಕಿಂತ ಸ್ವಲ್ಪ ಮೇಲುಂಟು, 21 ಅನ್ನಿ" ಎನ್ನುತ್ತಿದ್ದರು. ಅವರ ಹತ್ತಿರ 21ರ ಕಡ್ಡಿ ಇರಲೇ ಇಲ್ಲ. ಎರಡು ಗೆರೆಗಳ ನಡುವೆ ಮೂರನೆಯದು ಎಲ್ಲಿ ಕೂರುತ್ತದೆ ಎಂದು ಕಣ್ಣೇ ಹೇಳುತ್ತಿತ್ತು.

ಕಳೆದ ಮಳೆಗಾಲ ಪೂರ್ತಿ ನಾನು ಮಾಡಿದ್ದೂ ಹೆಚ್ಚುಕಡಿಮೆ ಇದೇ ಕೆಲಸ. ಕಲ್ಲಿನ ಬದಲು ಲ್ಯಾಪ್‌ಟಾಪ್. ಬಳೆಯ ಬದಲು, ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆದು ಒಂದಾದ ಎರಡು ನ್ಯೂಟ್ರಾನ್ ನಕ್ಷತ್ರಗಳು.

ಮೊದಲೇ ಹೇಳಿಬಿಡುತ್ತೇನೆ, ನಾನು ಖಗೋಳ ವಿಜ್ಞಾನಿ ಅಲ್ಲ. ಕೊಣಾಜೆಯಲ್ಲಿ ಫಿಸಿಕ್ಸ್ ಎಂಎಸ್ಸಿ ಮಾಡಿ, ಎಲ್ಲರ ಹಾಗೆ ಬೆಂಗಳೂರಿಗೆ ಹೋಗಿ, ಈಗ ಊರಿಗೆ ವಾಪಸ್ ಬಂದು ಮನೆಯಿಂದಲೇ ಡೇಟಾ ಕೆಲಸ ಮಾಡುತ್ತಿದ್ದೇನೆ. ಹಗಲು, ಯಾರು ಯಾವ ಸಾಮಾನು ಯಾವಾಗ ಕೊಳ್ಳುತ್ತಾರೆ ಎಂದು ಊಹಿಸುವ ಮಾಡೆಲ್. ರಾತ್ರಿ ನಕ್ಷತ್ರ. ಯಾವುದರಲ್ಲಿ ಖುಷಿ ಜಾಸ್ತಿ ಅಂತ ಕೇಳಬೇಡಿ.

2017ರ ಆಗಸ್ಟ್ 17, ಗುರುವಾರ. ನಮ್ಮಲ್ಲಿ ತುಳು ತಿಂಗಳು ಆಟಿ ಮುಗಿದು ಸೋಣ ಶುರುವಾಗುವ ಹೊತ್ತು. ನಮ್ಮ ಗಡಿಯಾರದಲ್ಲಿ ಸಂಜೆ 6 ಗಂಟೆ 11 ನಿಮಿಷ. ಗುರುತ್ವದ ಅಲೆಗಳನ್ನು ಹಿಡಿಯಲೆಂದೇ ಕಟ್ಟಿದ ಅಮೆರಿಕದ ಎರಡು ಲೈಗೋ ಕೇಂದ್ರಗಳು, ಇಟಲಿಯ ವರ್ಗೋ, ಈ ಮೂರೂ ಕೆಲಸ ಮಾಡುತ್ತಿದ್ದ ಹೊತ್ತಿನಲ್ಲಿ ಆ ಜೋಡಿಯ ಡಿಕ್ಕಿಯಿಂದ ಹೊರಟ ಅಂಥ ಅಲೆಯೊಂದು ಭೂಮಿಯನ್ನು ದಾಟಿ ಹೋಯಿತು. ಸುಮಾರು 100 ಸೆಕೆಂಡು ಕೇಳಿಸಿತು. ಅದು ನಿಂತು 1.7 ಸೆಕೆಂಡಿಗೆ ಫರ್ಮಿ ಉಪಗ್ರಹಕ್ಕೆ ಗಾಮಾ ಕಿರಣಗಳ ಒಂದು ಚಿಕ್ಕ ಮಿಂಚು ಸಿಕ್ಕಿತು. ಆಮೇಲೆ ಜಗತ್ತಿನ ಟೆಲಿಸ್ಕೋಪುಗಳೆಲ್ಲ ಆ ದಿಕ್ಕಿಗೆ ತಿರುಗಿದವು. ಸುಮಾರು 11 ಗಂಟೆಯ ನಂತರ ಚಿಲಿ ದೇಶದಲ್ಲಿ ಕತ್ತಲಾಗುತ್ತಿದ್ದಂತೆ, ಅಲ್ಲಿನ ಲಾಸ್ ಕಂಪಾನಸ್ ಬೆಟ್ಟದ ಒಂದು ಮೀಟರಿನ ಸ್ವೋಪ್ ಟೆಲಿಸ್ಕೋಪು ಎನ್‌ಜಿಸಿ 4993 ಎಂಬ ಗೆಲಾಕ್ಸಿಯಲ್ಲಿ ಮೊದಲು ಇಲ್ಲದ ಒಂದು ಚುಕ್ಕೆಯನ್ನು ಹಿಡಿಯಿತು. ಇಂಥ ಬೆಳಕಿಗೇ ಕಿಲೋನೋವಾ ಅಂತ ಹೆಸರು. ನೋವಾ ಅಂದರೆ ಇದ್ದಕ್ಕಿದ್ದಂತೆ ಬೆಳಗಿ ಆರುವ ನಕ್ಷತ್ರ. ಮಾಮೂಲಿ ನೋವಾಕ್ಕಿಂತ ಸಾವಿರ ಪಟ್ಟು ಬೆಳಗುತ್ತದೆ ಎಂಬ ಲೆಕ್ಕದಲ್ಲಿ 2010ರಲ್ಲಿ ಇಟ್ಟ ಹೆಸರು.

ಇಲ್ಲಿ ಒಂದು ಅಡ್ಡಮಾತು. ಆಕಾಶ ನೋಡಲೆಂದೇ ಹಾರಿಸಿದ ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹವೂ ಆಗ ಮೇಲೆಯೇ ಇತ್ತು. ಆದರೆ ಆ ಗಳಿಗೆಯಲ್ಲಿ ಅದಕ್ಕೂ ಆ ನಕ್ಷತ್ರಗಳಿಗೂ ನಡುವೆ ಭೂಮಿಯೇ ಅಡ್ಡ ಬಂದಿತ್ತು. ಏನೂ ಕಾಣಲಿಲ್ಲ. ಕಾಣದಿದ್ದದ್ದೂ ಉಪಯೋಗಕ್ಕೆ ಬಂತು ನೋಡಿ. ಮಿಂಚು ಬಂದದ್ದು ಭೂಮಿಯ ಮರೆಯಲ್ಲಿದ್ದ ಆಕಾಶದಿಂದಲೇ ಇರಬೇಕು ಎಂದು ಹುಡುಕುವ ಜಾಗ ಕಡಿಮೆಯಾಯಿತು. ಉಡುಪಿ ಜಿಲ್ಲೆಯ ಅದಮಾರಿನಲ್ಲಿ ಹುಟ್ಟಿ ಇಸ್ರೋದ ಅಧ್ಯಕ್ಷರಾಗಿದ್ದ ಯು. ಆರ್. ರಾಯರು ಕಾಸ್ಮಿಕ್ ಕಿರಣಗಳಿಂದ ಕೆಲಸ ಶುರು ಮಾಡಿದವರು. 1975ರಲ್ಲಿ ಹಾರಿದ ನಮ್ಮ ಮೊದಲ ಉಪಗ್ರಹ ಆರ್ಯಭಟದಲ್ಲೂ ಎಕ್ಸ್‌ರೇ ನೋಡುವ ಉಪಕರಣ ಇತ್ತು. ಅವರು ತೀರಿಕೊಂಡದ್ದು 2017ರ ಜುಲೈ 24ಕ್ಕೆ. ಬರೀ 24 ದಿನದಲ್ಲಿ ಇದು ಅವರಿಗೆ ತಪ್ಪಿಹೋಯಿತು. ನನಗೆ ಯಾಕೋ ಈ ಲೆಕ್ಕ ಮನಸ್ಸಿನಿಂದ ಹೋಗುವುದಿಲ್ಲ.

ನ್ಯೂಟ್ರಾನ್ ನಕ್ಷತ್ರ ಅಂದರೆ ಸತ್ತ ದೊಡ್ಡ ನಕ್ಷತ್ರದ ಉಳಿದ ತಿರುಳು. ತೂಕ ಸೂರ್ಯನಿಗಿಂತ ಜಾಸ್ತಿ, ಅಗಲ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಮಂಗಳೂರಿನ ಕ್ಲಾಕ್ ಟವರಿನ ಹತ್ತಿರ ಒಂದು ಅಂಚು ಇಟ್ಟರೆ ಇನ್ನೊಂದು ಅಂಚು ಮೂಲ್ಕಿ ಮುಟ್ಟುವುದಿಲ್ಲ. ಇಂಥ ಎರಡು ಗುದ್ದಿಕೊಂಡಾಗ ಒಂದಿಷ್ಟು ಸರಕು ಹೊರಗೆ ಚೆಲ್ಲುತ್ತದೆ. 2017ರಲ್ಲಿ ಚೆಲ್ಲಿದ್ದು ಸುಮಾರಾಗಿ ಸೂರ್ಯನ ತೂಕದ ನೂರರಲ್ಲಿ 5 ಪಾಲು. ಕೇಳಲು ಸಣ್ಣದು. ಭೂಮಿಯ ಲೆಕ್ಕದಲ್ಲಿ ಹೇಳಿದರೆ ಹದಿನಾರು ಸಾವಿರ ಭೂಮಿಗಳಷ್ಟು. ಅದು ಹಾರಿದ ವೇಗ ಬೆಳಕಿನ ವೇಗದ ಹತ್ತರಲ್ಲಿ ಒಂದರಿಂದ ಮೂರು ಪಾಲು.

ಚೆಲ್ಲಿದ್ದರಲ್ಲಿ ಬಿಡಿ ನ್ಯೂಟ್ರಾನುಗಳು ತುಂಬಿ ತುಳುಕುತ್ತಿರುತ್ತವೆ. ಪರಮಾಣುವಿನ ಬೀಜಗಳು ಅವನ್ನು ಗಬಗಬ ನುಂಗುತ್ತವೆ. ಒಂದು ಅರಗುವ ಮೊದಲೇ ಇನ್ನೊಂದು. ಹಾಗೆ ಉಬ್ಬಿ ಉಬ್ಬಿ, ಆಮೇಲೆ ಸಿಡಿದು ಸಡಿಲಾಗಿ, ಭಾರದ ಮೂಲವಸ್ತುಗಳಾಗುತ್ತವೆ. ಚಿನ್ನ, ಪ್ಲಾಟಿನಂ, ಯುರೇನಿಯಂ ಎಲ್ಲ ಈ ದಾರಿಯಲ್ಲೇ ತಯಾರಾಗುವಂಥವು. ಹೊಸದಾಗಿ ಹುಟ್ಟಿದ ಅಸ್ಥಿರ ಬೀಜಗಳು ಒಡೆಯುತ್ತಾ ಶಾಖ ಕೊಡುತ್ತವೆ. ಆ ಶಾಖವೇ ಬೆಳಕು. ಅಡುಗೆ ಮುಗಿದ ಮೇಲೂ ಒಲೆಯೊಳಗೆ ಕೆಂಡ ಮಿನುಗುವ ಹಾಗೆ.

ಬಣ್ಣದ ವಿಷಯ ಇರುವುದು ಇಲ್ಲಿ. 2017ರ ಆ ಚುಕ್ಕೆ ಮೊದಲ ದಿನ ನೀಲಿಯಾಗಿತ್ತು. ಎರಡು ಮೂರು ದಿನದಲ್ಲಿ ಕೆಂಪಾಯಿತು. ಆಮೇಲೆ ಕಣ್ಣಿಗೆ ಕಾಣದ ಅತಿಗೆಂಪಿಗೆ ಇಳಿಯಿತು. ಚೆಲ್ಲಿದ ಸರಕಿನಲ್ಲಿ ಲ್ಯಾಂಥನೈಡ್ ಎಂಬ ಗುಂಪಿನ ಮೂಲವಸ್ತುಗಳು ಸ್ವಲ್ಪ ಇದ್ದರೂ ಸಾಕು, ಅವು ನೀಲಿ ಬೆಳಕನ್ನು ದಪ್ಪ ಕಂಬಳಿಯ ಹಾಗೆ ತಡೆಯುತ್ತವೆ. ಅವುಗಳ ಎಲೆಕ್ಟ್ರಾನುಗಳ ಜೋಡಣೆ ಅಷ್ಟು ಸಿಕ್ಕುಸಿಕ್ಕು. ಲಕ್ಷಾಂತರ ಬಣ್ಣದ ಗೆರೆಗಳಲ್ಲಿ ಬೆಳಕನ್ನು ನುಂಗಬಲ್ಲವು. ಲ್ಯಾಂಥನೈಡ್ ಕಡಿಮೆ ಇದ್ದ ಭಾಗ ಬೇಗ ಬೆಳಗಿ ಬೇಗ ಆರಿತು, ನೀಲಿ. ಜಾಸ್ತಿ ಇದ್ದ ಭಾಗ ನಿಧಾನ ಬೆಳಗಿ ನಿಧಾನ ಆರಿತು, ಕೆಂಪು. ಅಂದರೆ ಬಣ್ಣ ನೋಡಿ ಬೆರಕೆ ಹೇಳುವುದು. ಇದನ್ನು ಓದಿದ ದಿನ ನನಗೆ ಕಲ್ಲು ನೆನಪಾಗದೆ ಇರುತ್ತದಾ?

ಸರಿ, ಬಣ್ಣ ಸಿಕ್ಕಿತು. ಹೋಲಿಸುವ ಕಡ್ಡಿಗಳು ಎಲ್ಲಿಂದ? ಅವನ್ನು ಕಂಪ್ಯೂಟರಿನಲ್ಲಿ ತಯಾರಿಸಬೇಕು. ಇಷ್ಟು ಸರಕು, ಇಷ್ಟು ವೇಗ, ಇಷ್ಟು ಲ್ಯಾಂಥನೈಡ್, ಇಂಥ ಕೋನದಿಂದ ನೋಡಿದರೆ ಎಂದು ಕೊಟ್ಟು, ಬೆಳಕಿನ ಕಣಗಳನ್ನು ಒಂದೊಂದಾಗಿ ಆ ಮೋಡದೊಳಗೆ ಓಡಿಸುತ್ತಾರೆ. ಎಲ್ಲಿ ತಡೆಯಿತು, ಎಲ್ಲಿ ತಿರುಗಿತು, ಯಾವ ಬಣ್ಣವಾಗಿ ಹೊರಬಂತು. ದಾಳ ಉರುಳಿಸಿ ಉರುಳಿಸಿ ಲೆಕ್ಕ ಹಾಕುವ ಕೆಲಸ. ಕೊನೆಗೆ ಸಿಗುವುದು ದಿನದಿಂದ ದಿನಕ್ಕೆ ಬೆಳಕು ಹೇಗೆ ಏರಿ ಇಳಿಯಿತು ಎಂಬ ಗೆರೆ. ಲೈಟ್ ಕರ್ವ್ ಅನ್ನುತ್ತಾರೆ.

ಇಂಥ ಒಂದು ಸಿಮ್ಯುಲೇಷನ್‌ಗೆ ಬಲವಾದ ಕಂಪ್ಯೂಟರಿಗೂ ಗಂಟೆಗಟ್ಟಲೆ ಬೇಕು. ಕೆಲವಕ್ಕೆ ಇನ್ನೂ ಜಾಸ್ತಿ. ನಿಜವಾದ ಚುಕ್ಕೆಗೆ ಯಾವುದು ಹೊಂದುತ್ತದೆ, ಎಷ್ಟು ಖಾತ್ರಿಯಿಂದ ಹೊಂದುತ್ತದೆ ಎಂದು ತಿಳಿಯಲು ಹತ್ತಿಪ್ಪತ್ತು ಕರ್ವ್ ಸಾಲುವುದಿಲ್ಲ, ಲಕ್ಷಗಟ್ಟಲೆ ಬೇಕು. ಒಂದಕ್ಕೆ ಒಂದೇ ಗಂಟೆ ಹಿಡಿದರೂ ಒಂದು ಲಕ್ಷಕ್ಕೆ 11 ವರ್ಷ ದಾಟುತ್ತದೆ. ಕಿಲೋನೋವಾ ಒಂದೆರಡು ವಾರದಲ್ಲಿ ಮಂಕಾಗಿ ಮರೆಯಾಗುತ್ತದೆ. ನಾಳೆ ರಾತ್ರಿ ಟೆಲಿಸ್ಕೋಪು ಎಲ್ಲಿಗೆ ತಿರುಗಿಸಬೇಕು ಎಂದು ಇವತ್ತು ಸಂಜೆಯೊಳಗೆ ಹೇಳಬೇಕು.

ಮಷೀನ್ ಲರ್ನಿಂಗ್, ಅಂದರೆ ಉದಾಹರಣೆ ನೋಡಿ ಕಂಪ್ಯೂಟರೇ ಕಲಿಯುವ ವಿಧಾನ, ಒಳಗೆ ಬರುವುದು ಈ ಸಂದಿಯಲ್ಲಿ. ಕೆಲವು ನೂರು ಸಿಮ್ಯುಲೇಷನ್ ಕಷ್ಟಪಟ್ಟು ಮಾಡಿಟ್ಟುಕೊಳ್ಳಿ. ಅವನ್ನು ಒಂದು ಮಾಡೆಲ್‌ಗೆ ತೋರಿಸಿ. ನಡುವಿನದ್ದನ್ನು ಅದು ಊಹಿಸಲಿ, ಸೆಕೆಂಡಿನ ಸಣ್ಣ ಪಾಲಿನಲ್ಲಿ. ಇದಕ್ಕೆ ಎಮ್ಯುಲೇಟರ್ ಎಂದು ಹೆಸರು. ಅದು ನಕ್ಷತ್ರವನ್ನು ನೋಡಿಲ್ಲ. ಫಿಸಿಕ್ಸ್ ಅದಕ್ಕೆ ಗೊತ್ತಿಲ್ಲ. 20ರ ಗೆರೆ, 22ರ ಗೆರೆ ನೋಡಿ 21 ಹೇಳುವ ಕಣ್ಣು, ಅಷ್ಟೇ. ಗಾಸಿಯನ್ ಪ್ರೊಸೆಸ್ ಎಂಬ ಹಳೆಯ ವಿಧಾನ ಇದೆ, ನ್ಯೂರಲ್ ನೆಟ್‌ವರ್ಕ್ ಇದೆ. ಎರಡರಲ್ಲೂ ಸಾಮಾನ್ಯವಾಗಿ ಮೊದಲು ಕರ್ವ್‌ಗಳನ್ನು ಹಿಂಡುತ್ತಾರೆ. ನೂರಾರು ಅಂಕಿ ಇರುವ ಒಂದು ಕರ್ವ್ ಅನ್ನು ಹತ್ತೋ ಹದಿನೈದೋ ಮೂಲ ಆಕಾರಗಳ ಬೆರಕೆಯಾಗಿ ಬರೆಯಬಹುದು. ಆಮೇಲೆ ಯಾವ ಆಕಾರ ಎಷ್ಟು ಪಾಲು ಎಂದು ಮಾತ್ರ ಊಹಿಸಿದರೆ ಸಾಕು.

ಯಾರೋ ಪುಣ್ಯಾತ್ಮರು ತಮ್ಮ ಸಿಮ್ಯುಲೇಷನ್‌ಗಳನ್ನು ಎಲ್ಲರಿಗೂ ತೆರೆದಿಟ್ಟಿದ್ದರು. ಜೂನ್‌ನಲ್ಲಿ ಇಳಿಸಿಕೊಂಡೆ. ಜುಲೈನಲ್ಲಿ ಒಂದು ಸಾಧಾರಣ ನ್ಯೂರಲ್ ನೆಟ್‌ವರ್ಕ್ ಕಟ್ಟಿದೆ. ಮಳೆ ಹೊಯ್ಯುತ್ತಿತ್ತು, ರಾತ್ರಿಗೆ ಎರಡು ಸಲ ಕರೆಂಟು ಹೋಗುತ್ತಿತ್ತು, ಟ್ರೇನಿಂಗ್ ಅರ್ಧಕ್ಕೆ ನಿಲ್ಲುತ್ತಿತ್ತು. ಮೂರನೇ ವಾರದಲ್ಲಿ ಫಲಿತಾಂಶ ಬಂತು. ನಂಬಲಾರದಷ್ಟು ಚೆನ್ನಾಗಿತ್ತು. ಮಾಡೆಲ್ ನೋಡದ ಕರ್ವ್‌ಗಳ ಮೇಲೆ ಅದರ ಊಹೆ ಇಟ್ಟರೆ ಎರಡು ಗೆರೆ ಒಂದೇ ಆಗಿ ಕಾಣುತ್ತಿದ್ದವು. ರಾತ್ರಿ ಒಂದು ಗಂಟೆಗೆ ಅಮ್ಮನನ್ನು ಎಬ್ಬಿಸಿ ತೋರಿಸಿದೆ. "ಒಳ್ಳೇದಾಯ್ತು, ಮಲಗು ಇನ್ನು" ಎಂದರು.

ನಂಬಲಾರದಷ್ಟು ಚೆನ್ನಾಗಿದ್ದರೆ ನಂಬಬಾರದು ಎಂದು ಹಗಲಿನ ಕೆಲಸದಲ್ಲಿ ಹತ್ತು ಸಲ ಬೇರೆಯವರಿಗೆ ಹೇಳಿದ್ದೇನೆ. ನನ್ನದೇ ವಿಷಯಕ್ಕೆ ಮರೆತುಹೋಯಿತು.

ಆದದ್ದು ಇಷ್ಟು. ಒಂದೊಂದು ಸಿಮ್ಯುಲೇಷನ್ನಿಗೂ ಹಲವು ಕರ್ವ್‌ಗಳಿರುತ್ತವೆ, ನೋಡುವ ಕೋನಕ್ಕೊಂದು. ನಾನು ಎಲ್ಲವನ್ನೂ ಒಟ್ಟಿಗೆ ಕಲಸಿ, ಐದರಲ್ಲಿ ನಾಲ್ಕು ಪಾಲು ಕಲಿಯಲು, ಒಂದು ಪಾಲು ಪರೀಕ್ಷೆಗೆ ಎಂದು ಹಂಚಿದ್ದೆ. ಹಾಗಾಗಿ ಪರೀಕ್ಷೆಗೆ ಬಂದ ಪ್ರತಿ ಸ್ಫೋಟವನ್ನೂ ಮಾಡೆಲ್ ಮೊದಲೇ ಬೇರೆ ಕೋನದಿಂದ ನೋಡಿತ್ತು. ಹೊಸ ಬಳೆ ಎಂದು ನಾನು ಕೊಟ್ಟದ್ದು ಅದೇ ಬಳೆಯ ಇನ್ನೊಂದು ಬದಿ. ಇಡೀ ಇಡೀ ಸಿಮ್ಯುಲೇಷನ್‌ಗಳನ್ನೇ ಬೇರೆ ಮಾಡಿಟ್ಟು ಮತ್ತೆ ಓಡಿಸಿದೆ. ತಪ್ಪು ಮೂರು ಪಟ್ಟು ಏರಿತು. ಅಮ್ಮನನ್ನು ಎಬ್ಬಿಸಲಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ನಾಚಿಕೆಯದ್ದು. ದಾಳ ಉರುಳಿಸುವ ಲೆಕ್ಕದಲ್ಲಿ ಕೊನೆಕೊನೆಯ ದಿನಗಳಿಗೆ ಹೊರಬರುವ ಬೆಳಕಿನ ಕಣಗಳು ಕಡಿಮೆ. ಹಾಗಾಗಿ ಅಲ್ಲಿ ಕರ್ವ್ ನಡುಗುತ್ತದೆ. ಅದು ಲೆಕ್ಕದ ನಡುಕ, ನಕ್ಷತ್ರದ್ದಲ್ಲ. ನನ್ನ ಮಾಡೆಲ್ ಆ ನಡುಕವನ್ನೂ ಶ್ರದ್ಧೆಯಿಂದ ಬಾಯಿಪಾಠ ಮಾಡಿತ್ತು. ನಾನು ಎರಡು ದಿನ ಅದನ್ನು ಯಾವುದೋ ಫಿಸಿಕ್ಸ್ ಅಂದುಕೊಂಡು ಕೂತಿದ್ದೆ.

ಇವೆರಡೂ ಸರಿಹೋಗುವ ತಪ್ಪುಗಳು. ಸರಿಮಾಡಿದೆ ಕೂಡ. ನಿದ್ದೆ ಕೆಡಿಸಿದ್ದು ಬೇರೆ. ಒಂದು ದಿನ ಸುಮ್ನೆ, ಕಲಿತ ಸಿಮ್ಯುಲೇಷನ್‌ಗಳಲ್ಲಿ ಇದ್ದ ಅತಿ ಹೆಚ್ಚಿನ ಸರಕಿಗಿಂತ ಎರಡು ಪಟ್ಟು ಕೊಟ್ಟು ಕೇಳಿದೆ. ಮಾಡೆಲ್ ತಡವರಿಸಲೇ ಇಲ್ಲ. ನುಣುಪಾದ, ಚಂದದ ಕರ್ವ್ ಒಂದನ್ನು ಮುಂದಿಟ್ಟಿತು. ಗೊತ್ತಿರುವುದಕ್ಕೂ ಗೊತ್ತಿಲ್ಲದ್ದಕ್ಕೂ ಅದರ ಮುಖ ಒಂದೇ. ಗಾಸಿಯನ್ ಪ್ರೊಸೆಸ್ ಈ ವಿಷಯದಲ್ಲಿ ಮರ್ಯಾದಸ್ಥ. ನೋಡಿದ ಬಿಂದುಗಳಿಂದ ದೂರ ಹೋದಷ್ಟೂ ತನ್ನ ಅನುಮಾನವನ್ನು ಅಗಲ ಮಾಡುತ್ತಾ ಹೋಗುತ್ತದೆ. ಆ ಅನುಮಾನ ಎಲ್ಲಿ ಜಾಸ್ತಿ ಇದೆಯೋ ಅಲ್ಲೇ ಮುಂದಿನ ಸಿಮ್ಯುಲೇಷನ್ ಮಾಡಿ ಎಂದು ತೋರಿಸಲೂ ಬರುತ್ತದೆ. ದೊಡ್ಡ ತಂಡಗಳು ಹಾಗೆಯೇ ಮಾಡುತ್ತಾರೆ. ಲೆಕ್ಕ ಎಲ್ಲೆಂದರಲ್ಲಿ ಚೆಲ್ಲದೆ, ಕತ್ತಲಿರುವ ಕಡೆಗೇ ದೀಪ ಹಿಡಿಯುವುದು.

ನಾನು ಕೊನೆಗೆ ಒಂದೇ ನೆಟ್‌ವರ್ಕ್ ಬದಲು ಹತ್ತನ್ನು ಬೇರೆ ಬೇರೆಯಾಗಿ ಕಲಿಸಿದೆ. ಹತ್ತೂ ಒಂದೇ ಮಾತು ಹೇಳಿದರೆ ಸರಿ. ಒಂದೊಂದು ಒಂದೊಂದು ಹೇಳಿದರೆ ಅಲ್ಲಿ ಯಾರಿಗೂ ಗೊತ್ತಿಲ್ಲ ಎಂದು ಅರ್ಥ. ನಮ್ಮ ಮನೆಯ ಮದುವೆ ಮಾತುಕತೆಯ ಹಾಗೆ.

ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ ದೊಡ್ಡಪ್ಪನ ಅಂಗಡಿಗೆ ಹೋಗಿದ್ದೆ. ಈಗ ಅಲ್ಲಿ ಕೆಲಸ ಕಡಿಮೆ. ಹಾಲ್‌ಮಾರ್ಕ್ ಬಂದ ಮೇಲೆ ಚಿನ್ನದ ಶುದ್ಧತೆ ನೋಡುವುದು ಎಕ್ಸ್‌ರೇ ಮಿಷನ್. ಒಂದೆರಡು ನಿಮಿಷದಲ್ಲಿ ಚಿನ್ನ ಎಷ್ಟು, ತಾಮ್ರ ಎಷ್ಟು, ಬೆಳ್ಳಿ ಎಷ್ಟು ಎಂದು ಚೀಟಿ ಬರುತ್ತದೆ. ಆದರೂ ಹಳೆ ಗಿರಾಕಿಗಳು ಮೊದಲು ಇಲ್ಲಿಗೇ ಬರುತ್ತಾರೆ. ಆವತ್ತು ಒಬ್ಬರು ಅಜ್ಜಿಯ ಕಾಲದ್ದೆಂದು ಒಂದು ಸರ ತಂದಿದ್ದರು. ದೊಡ್ಡಪ್ಪ ಗೆರೆ ಎಳೆದರು, ಕಡ್ಡಿಗಳ ಗೆರೆ ಎಳೆದರು, ಬೆಳಕಿಗೆ ಹಿಡಿದರು. ಸರದ ಗೆರೆಯಲ್ಲಿ ಸ್ವಲ್ಪ ಹಸಿರು ಛಾಯೆ.

"ಇದು ನಾನು ಹೇಳುದಿಲ್ಲ" ಎಂದು ಕಲ್ಲು ಕೆಳಗಿಟ್ಟರು. "ನನ್ನ ಕಡ್ಡಿಗಳೆಲ್ಲ ತಾಮ್ರ ಬೆರೆಸಿದ್ದು. ಇದರಲ್ಲಿ ಬೆಳ್ಳಿ ಜಾಸ್ತಿ ಉಂಟು. ಬಣ್ಣ ನೋಡಿ 18 ಅಂದ್ರೆ 20 ಇರ್ಬಹುದು. ಇದಕ್ಕೆ ಜೋಡಿ ಕಡ್ಡಿ ನನ್ನ ಹತ್ರ ಇಲ್ಲ. ಮಿಷನಿಗೆ ಕೊಂಡ್ಹೋಗಿ."

ನಾನು ಮೂಲೆಯಲ್ಲಿ ಕೂತಿದ್ದೆ. ಮೂರು ತಿಂಗಳಿಂದ ಮಾಡಿದ್ದನ್ನೆಲ್ಲ ಆ ಮಾತು ಅಲ್ಲಾಡಿಸಿತು. ನನ್ನ ಚಿಂತೆ ಎಲ್ಲ 18ರಿಂದ 22ರ ಆಚೆಗೆ ಏನು ಎಂಬುದಾಗಿತ್ತು. ದೊಡ್ಡಪ್ಪ ಹೇಳಿದ್ದು ಬೇರೆ. ಸರದ ಶುದ್ಧತೆ 18 ಮತ್ತು 22ರ ನಡುವೆಯೇ ಇದ್ದಿರಬಹುದು. ಕಡ್ಡಿಗಳೆಲ್ಲ ಒಂದೇ ಜಾತಿಯವು ಎಂಬುದೇ ತೊಂದರೆ.

ನನ್ನ ಸಿಮ್ಯುಲೇಷನ್‌ಗಳೂ ಅಷ್ಟೇ ಅಲ್ವಾ? ಎಲ್ಲವನ್ನೂ ಮಾಡಿದ್ದು ಒಂದೇ ಬಗೆಯ ನಂಬಿಕೆಗಳ ಮೇಲೆ. ಲ್ಯಾಂಥನೈಡ್‌ಗಳು ಯಾವ ಬಣ್ಣವನ್ನು ಎಷ್ಟು ನುಂಗುತ್ತವೆ ಎಂಬ ಪಟ್ಟಿ ಇನ್ನೂ ಪೂರ್ತಿ ಆಗಿಲ್ಲ. ಬಹಳಷ್ಟನ್ನು ಪ್ರಯೋಗಾಲಯದಲ್ಲಿ ಅಳೆದಿಲ್ಲ, ಲೆಕ್ಕದಿಂದ ತೆಗೆದಿದ್ದಾರೆ. ಆ ಅಸ್ಥಿರ ಬೀಜಗಳು ಒಡೆದಾಗ ಎಷ್ಟು ಶಾಖ ಬರುತ್ತದೆ ಎಂಬುದೂ ಹಾಗೆಯೇ. ಅವುಗಳಲ್ಲಿ ಎಷ್ಟೋ ಭೂಮಿಯ ಮೇಲೆ ಯಾರೂ ಮಾಡಿ ನೋಡದವು. ಚೆಲ್ಲಿದ ಸರಕು ಚೆಂಡಿನ ಆಕಾರವೋ, ಚಪಾತಿಯ ಆಕಾರವೋ ಎಂಬುದೂ ಮೊದಲೇ ಇಟ್ಟುಕೊಂಡ ಊಹೆ. ನನ್ನ ಹತ್ತು ನೆಟ್‌ವರ್ಕ್‌ಗಳು ಒಂದೇ ಮಾತು ಹೇಳಿದ್ದಕ್ಕೆ ಸತ್ಯವೇ ಕಾರಣ ಆಗಬೇಕೆಂದಿಲ್ಲ. ಹತ್ತೂ ಒಂದೇ ಪೆಟ್ಟಿಗೆಯ ಕಡ್ಡಿ ನೋಡಿ ಬೆಳೆದವು. ಎಮ್ಯುಲೇಟರ್ ಸಿಮ್ಯುಲೇಷನ್‌ನಿಂದ ಎಷ್ಟು ದೂರ ಇದೆ ಎಂದು ನಾನು ಅಳೆಯಬಲ್ಲೆ. ಸಿಮ್ಯುಲೇಷನ್ ನಕ್ಷತ್ರದಿಂದ ಎಷ್ಟು ದೂರ ಇದೆ ಎಂದು ಅಳೆಯಲು ಲ್ಯಾಪ್‌ಟಾಪ್ ಸಾಲದು, ನಕ್ಷತ್ರವೇ ಬೇಕು.

ಅದು ಸಿಕ್ಕಿರುವುದು ಒಂದೇ. ಗುರುತ್ವದ ಅಲೆಯೂ ಬೆಳಕೂ ಎರಡೂ ಚೆನ್ನಾಗಿ ಸಿಕ್ಕ ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿ ಇದುವರೆಗೆ 2017ರದ್ದು ಮಾತ್ರ. 2019ರ ಏಪ್ರಿಲ್ 25ರಂದು ಇನ್ನೊಂದು ಜೋಡಿಯ ಅಲೆ ಬಂತು. ಆದರೆ ಅದು ಸುಮಾರು 50 ಕೋಟಿ ಜ್ಯೋತಿರ್ವರ್ಷ ದೂರ. ಎಲ್ಲಿಂದ ಎಂದು ಸರಿಯಾಗಿ ಗೊತ್ತಾಗಲಿಲ್ಲ. ಆಕಾಶದ ಐದರಲ್ಲಿ ಒಂದು ಪಾಲು ಹುಡುಕಬೇಕಿತ್ತು. ಬೆಳಕು ಸಿಗಲಿಲ್ಲ. ಅಲೆ ಇಲ್ಲದೆ ಬೆಳಕು ಮಾತ್ರ ಸಿಕ್ಕಿದ ಕೆಲವು ಇವೆ. 2023ರ ಮಾರ್ಚ್‌ನ ಒಂದು ಗಾಮಾ ಮಿಂಚಿನ ಹಿಂದೆ ಜೇಮ್ಸ್ ವೆಬ್ ಟೆಲಿಸ್ಕೋಪು ಟೆಲ್ಯೂರಿಯಂ ಎಂಬ ಭಾರದ ಮೂಲವಸ್ತುವಿನ ಗುರುತು ಕಂಡಿತು. ಮುಂದೆ ಚಿಲಿಯ ವೆರಾ ರೂಬಿನ್ ವೀಕ್ಷಣಾಲಯ ಇದೆ, ನಮ್ಮ ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಲೈಗೋ ಇಂಡಿಯಾ ಬರಲಿದೆ, ಲಡಾಖಿನ ಹಾನ್ಲೆಯಲ್ಲಿ ನಮ್ಮ ಟೆಲಿಸ್ಕೋಪುಗಳು ಕಾದು ಕೂತಿವೆ. ಆದರೆ ಈ ಹೊತ್ತಿಗೆ, ನೂರಾರು ಕಲ್ಪನೆಯ ಸ್ಫೋಟಗಳಿಗೆ ಎದುರಾಗಿ ಅಸಲಿ ಒಂದೇ ಒಂದು.

ಗಿರಾಕಿ ಹೋದ ಮೇಲೆ ದೊಡ್ಡಪ್ಪ ಚಹಾ ತರಿಸಿದರು. "ನಿನ್ನದು ಎಲ್ಲಿಗೆ ಬಂತು ಮಾರಾಯ್ತಿ?" ಎಂದರು. ಅಮ್ಮ ಹೇಳಿದ್ದಿರಬೇಕು. ನಾನು ಇದ್ದದ್ದನ್ನು ಹೇಳಿದೆ. ನೀಲಿ, ಕೆಂಪು, ಬೆರಕೆ, ಎಲ್ಲ. ಅವರು ಬಣ್ಣದ ಭಾಗಕ್ಕೆ ತಲೆಯಾಡಿಸಿದರು, ಹೊಸದೇನೂ ಅಲ್ಲ ಎಂಬ ಹಾಗೆ.

"ಅಲ್ಲಿ ಬಂಗಾರ ಕಂಡಿದ್ದಾರಾ ಹಾಗಾದ್ರೆ?"

"ಬಂಗಾರವೇ ಅಂತ ಗುರುತು ಹಿಡಿದದ್ದಿಲ್ಲ ದೊಡ್ಡಪ್ಪ. ಸ್ಟ್ರಾಂಷಿಯಂ ಅಂತ ಒಂದು ಉಂಟು, ಅದರ ಗುರುತು 2019ರಲ್ಲಿ ಹಿಡಿದ್ರು. ಬಂಗಾರ ಲೆಕ್ಕದಿಂದ ಹೇಳುವುದು."

"ಪೇಪರಿನಲ್ಲಿ ಇಷ್ಟು ಲಕ್ಷ ಕೋಟಿಯ ಬಂಗಾರ ಅಂತ ಹಾಕಿದ್ರಲ್ಲ. ಕಾಣದ ಬಂಗಾರಕ್ಕೆ ರೇಟು ಹಾಕಿದ್ರಾ?"

ನಗು ಬಂತು. ಅವರು ಖಾನೆಯಿಂದ ಮೇಣದ ಸಣ್ಣ ಉಂಡೆ ತೆಗೆದು ಕಲ್ಲಿನ ಮೇಲಿನ ಗೆರೆಗಳಿಗೆ ಒತ್ತಿದರು. ಒರೆ ಹಚ್ಚಿದ ಚಿನ್ನದ ಪುಡಿ ಅದಕ್ಕೆ ಅಂಟಿಕೊಳ್ಳುತ್ತದೆ. ವರ್ಷಗಟ್ಟಲೆ ಕೂಡಿಟ್ಟು ಕರಗಿಸುತ್ತಾರೆ. ಉಂಡೆಯನ್ನು ಬೆಳಕಿಗೆ ಹಿಡಿದು ನನಗೆ ತೋರಿಸಿದರು. ಕಂದು ಮೇಣದೊಳಗೆ ಅಲ್ಲಲ್ಲಿ ಮಿಣುಕು.

"ಇದು ಪೂರಾ ಹಾಗೆ ಗುದ್ದಿಕೊಂಡೇ ಬಂದದ್ದಾ?"

"ಪೂರಾ ಅಂತ ಖಾತ್ರಿ ಇಲ್ಲ. ಬೇರೆ ದಾರಿಯೂ ಇರ್ಬಹುದು ಅಂತಾರೆ. ಕೆಲವು ನಕ್ಷತ್ರ ಸಿಡಿಯುವಾಗಲೂ ಆಗ್ತದಂತೆ."

"ಅಂದಾಜಿಗೆ ಹೇಳು. ಅರ್ಧವಾ? ಮುಕ್ಕಾಲಾ?"

ಬಾಯಿ ತೆರೆದೆ. ಒಂದು ಅಂಕಿ ನಾಲಗೆಯ ತುದಿಗೇ ಬಂದಿತ್ತು.

"ಕಡ್ಡಿ ಇಲ್ಲ ದೊಡ್ಡಪ್ಪ" ಎಂದೆ.

ಅವರು ಹೂಂ ಎಂದು ಉಂಡೆಯನ್ನು ಖಾನೆಗೆ ಹಾಕಿ, ಚಹಾದ ಲೋಟ ಈಚೆ ಸರಿಸಿದರು. ಹೊರಗೆ ಮತ್ತೆ ಮಳೆ ಶುರುವಾಗಿತ್ತು. ನಾನು ಕೊಡೆ ತಂದಿರಲಿಲ್ಲ.